ಪಿರಮಿಡ್ಡಿನ ಹಿಂದಿನ ಕಣಜ: ಪ್ರಾಚೀನ ಈಜಿಪ್ಟಿನ ಜನ ಬದುಕಿದ್ದು ಹೇಗೆ?

2025ರ ನವೆಂಬರ್ 1ರಂದು ಕೈರೋ ಪಕ್ಕದ ಗೀಝಾದಲ್ಲಿ, ಪಿರಮಿಡ್ಡುಗಳು ಕಣ್ಣಳತೆಯಲ್ಲೇ ಕಾಣುವ ಜಾಗದಲ್ಲಿ, ‘ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ’ ಅಧಿಕೃತವಾಗಿ ಉದ್ಘಾಟನೆಯಾಯಿತು. ಹರೆಯದಲ್ಲೇ ತೀರಿಕೊಂಡ ತೂತನ್‌ಖಾಮನ್ ಎಂಬ ರಾಜನ ಗೋರಿಯಲ್ಲಿ 1922ರಲ್ಲಿ ಸಿಕ್ಕ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಮೊದಲ ಬಾರಿಗೆ ಒಂದೇ ಸೂರಿನಡಿ ಪ್ರದರ್ಶನಕ್ಕೆ ಬಂದವು. ಚಿನ್ನದ ಮುಖವಾಡ, ಚಿನ್ನದ ಶವಪೆಟ್ಟಿಗೆ, ಚಿನ್ನದ ತಗಡು ಹೊದಿಸಿದ ಸಿಂಹಾಸನಗಳ ಚಿತ್ರಗಳು ಮೊಬೈಲುಗಳಲ್ಲಿ ಹರಿದಾಡಿದವು. ನೋಡಿದವರು ಕೇಳುವ ಪ್ರಶ್ನೆಯೂ ಸಹಜವೇ: ಈ ಜನಕ್ಕೆ ಸಾವನ್ನು ಬಿಟ್ಟು ಬೇರೆ ಧ್ಯಾನವೇ ಇರಲಿಲ್ಲವೇ?

ಖಂಡಿತ ಇತ್ತು. ಆದರೆ ನಮ್ಮವರೆಗೆ ತಲುಪಿರುವ ಕುರುಹುಗಳು ಒಂದೇ ಕಡೆಗೆ ವಾಲಿವೆ. ಈಜಿಪ್ಟಿನವರು ಮನೆಗಳನ್ನು, ಅರಮನೆಗಳನ್ನೂ ಸಹ, ಹಸಿ ಇಟ್ಟಿಗೆಯಲ್ಲಿ ಹೊಲಗಳ ಬಳಿ ಕಟ್ಟಿದರು. ಅವು ನೆರೆಯ ಮಣ್ಣಿನಲ್ಲಿ ಕರಗಿದವು, ಅಥವಾ ಇಂದಿನ ಊರುಗಳ ಅಡಿಯಲ್ಲಿ ಹೂತುಹೋಗಿವೆ. ಗೋರಿಗಳನ್ನು ಮಾತ್ರ ಕಲ್ಲಿನಲ್ಲಿ, ಮಳೆಯೇ ಬೀಳದ ಮರುಭೂಮಿಯ ಅಂಚಿನಲ್ಲಿ ಮಾಡಿದರು, ಅವು ಉಳಿದವು. ಬದುಕಿದ್ದವರ ಲೆಕ್ಕ ಬೇಕೆಂದರೆ ಚಿನ್ನದಿಂದ ಕಣ್ಣು ಕಿತ್ತು ಕಾಳಿನತ್ತ ನೋಡಬೇಕು. ಆ ನಾಡಿನ ತೆರಿಗೆ, ಕೂಲಿ, ಬರವಣಿಗೆ, ಪಿರಮಿಡ್ಡು, ಕಡೆಗೆ ಸತ್ತವರ ಊಟ, ಎಲ್ಲವೂ ನಿಂತಿದ್ದು ಕಾಳಿನ ಮೇಲೆ.

ಯಾವ ಕಾಲ, ಯಾವ ನಾಡು

ಈಜಿಪ್ಟಿನ ಉತ್ತರ, ದಕ್ಷಿಣ ಭಾಗಗಳು ಒಬ್ಬನೇ ರಾಜನ ಕೈಗೆ ಬಂದದ್ದು ಸುಮಾರು ಕ್ರಿ.ಪೂ. 3100ರ ಹೊತ್ತಿಗೆ. ರಾಜನನ್ನು ನಾವು ಫೇರೋ ಎನ್ನುತ್ತೇವೆ. ಕೊನೆಯ ರಾಣಿ ಕ್ಲಿಯೋಪಾತ್ರ ಸತ್ತು ನಾಡು ರೋಮನ್ನರ ವಶವಾದದ್ದು ಕ್ರಿ.ಪೂ. 30ರಲ್ಲಿ. ಅಂದರೆ ಮೂರು ಸಾವಿರ ವರ್ಷಗಳ ಕಥೆ. ವಿದ್ವಾಂಸರು ಇದರಲ್ಲಿ ಮೂರು ಏಳಿಗೆಯ ಕಾಲಗಳನ್ನು ಗುರುತಿಸುತ್ತಾರೆ. ಹಳೆಯ ರಾಜ್ಯ ಪಿರಮಿಡ್ಡುಗಳ ಕಾಲ, ಸುಮಾರು ಕ್ರಿ.ಪೂ. 2686ರಿಂದ 2181. ಅದರ ನಂತರದ ಮಧ್ಯ ರಾಜ್ಯ ಕ್ರಿ.ಪೂ. 1650ರ ಸುಮಾರಿಗೆ ಮುಗಿಯಿತು. ಹೊಸ ರಾಜ್ಯ ಕ್ರಿ.ಪೂ. 1550ರಿಂದ 1069ರವರೆಗಿನದು, ತೂತನ್‌ಖಾಮನ್, ರಾಮ್ಸೆಸ್‌ ಹೆಸರಿನ ರಾಜರೆಲ್ಲ ಈ ಕಾಲದವರು. ನಡುವೆ ಒಡಕು, ಕ್ಷಾಮ, ಪರಕೀಯರ ಆಳ್ವಿಕೆ ಎಲ್ಲವೂ ಇದ್ದವು. ತೂತನ್‌ಖಾಮನ್ ಹುಟ್ಟುವ ಹೊತ್ತಿಗೆ ಗೀಝಾದ ಪಿರಮಿಡ್ಡುಗಳಿಗೆ ಆಗಲೇ ಸಾವಿರ ವರ್ಷ ದಾಟಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಕಾಲದ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಮಳೆಯಿಲ್ಲದ ನಾಡಿಗೆ ನೆರೆ ಎಲ್ಲಿಂದ?

ಈಜಿಪ್ಟಿನಲ್ಲಿ ಬೇಸಾಯಕ್ಕೆ ಸಾಕಾಗುವಷ್ಟು ಮಳೆ ಬೀಳುವುದಿಲ್ಲ. ಆದರೂ ಪ್ರತಿ ವರ್ಷ ಜೂನ್ ಹೊತ್ತಿಗೆ ದಕ್ಷಿಣದ ಅಸ್ವಾನ್ ಬಳಿ ನೈಲ್ ನದಿ ಏರತೊಡಗುತ್ತಿತ್ತು. ಸೆಪ್ಟೆಂಬರಿನಲ್ಲಿ ಕಣಿವೆಯ ಹೊಲಗಳೆಲ್ಲ ನೀರಿನಡಿ ಇರುತ್ತಿದ್ದವು. ಕಾರಣ ಇದ್ದದ್ದು ಬಲು ದೂರದಲ್ಲಿ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲೇ ಇಥಿಯೋಪಿಯಾದ ಎತ್ತರದ ಸೀಮೆಯಲ್ಲೂ ಮಳೆಗಾಲ. ಆ ನೀರು ನೀಲಿ ನೈಲ್ ಮತ್ತು ಅಟ್ಬಾರಾ ನದಿಗಳ ಮೂಲಕ ಮರುಭೂಮಿಯನ್ನು ಹಾದು ಈಜಿಪ್ಟಿಗೆ ಇಳಿಯುತ್ತಿತ್ತು. ಬರುವಾಗ ಬೆಟ್ಟದ ಮಣ್ಣನ್ನೂ ಹೊತ್ತು ತರುತ್ತಿತ್ತು. ನೀರು ಇಳಿದ ಮೇಲೆ ಹೊಲದಲ್ಲಿ ಕಪ್ಪು ಮೆಕ್ಕಲು ಉಳಿಯುತ್ತಿತ್ತು. ಗೊಬ್ಬರವೂ ಅದೇ, ಹದವೂ ಅದೇ.

ಆದ್ದರಿಂದಲೇ ಅವರ ವರ್ಷಕ್ಕೆ ಮೂರೇ ಋತುಗಳು: ನೆರೆಯ ಕಾಲ, ಬಿತ್ತನೆಯ ಕಾಲ, ಸುಗ್ಗಿಯ ಕಾಲ. ಒಂದೊಂದಕ್ಕೂ ನಾಲ್ಕು ತಿಂಗಳು, ತಿಂಗಳಿಗೆ 30 ದಿನ, ವರ್ಷದ ಕೊನೆಗೆ ಸೇರಿಸಿದ 5 ದಿನ, ಒಟ್ಟು 365. ಬೆಳಗಿನ ಜಾವ ಪೂರ್ವದಲ್ಲಿ ಲುಬ್ಧಕ ನಕ್ಷತ್ರ ಮತ್ತೆ ಕಾಣಿಸಿಕೊಂಡರೆ ನೆರೆ ಹತ್ತಿರವಾಯಿತೆಂದು ತಿಳಿಯುತ್ತಿದ್ದರು.

ನೆರೆ ಕಡಿಮೆಯಾದರೆ ಹಸಿವು, ಹೆಚ್ಚಾದರೆ ಕೊಚ್ಚಿಹೋದ ಊರು. ಹೀಗಾಗಿ ನದಿಯ ಮಟ್ಟ ಅಳೆಯುವುದು ಸರ್ಕಾರಿ ಕೆಲಸವಾಗಿತ್ತು. ಅಸ್ವಾನ್ ಬಳಿಯ ಎಲಿಫೆಂಟೈನ್ ದ್ವೀಪದಲ್ಲಿ ನದಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ ಕೊರೆದ ಅಳತೆಗೆರೆಗಳನ್ನು ಈಗಲೂ ನೋಡಬಹುದು. ಈ ವರ್ಷ ನೀರು ಎಷ್ಟು ಏರಿತೆಂದು ಗೊತ್ತಾದರೆ ಬೆಳೆ ಎಷ್ಟು ಬರಬಹುದು, ತೆರಿಗೆ ಎಷ್ಟು ಸಿಗಬಹುದು ಎಂಬ ಅಂದಾಜೂ ಸಿಗುತ್ತಿತ್ತು. 1970ರಲ್ಲಿ ಅಸ್ವಾನ್ ಮೇಲಣೆಕಟ್ಟೆ ಪೂರ್ಣಗೊಂಡ ಮೇಲೆ ಈ ನೆರೆ ಈಜಿಪ್ಟಿಗೆ ಬರುವುದು ನಿಂತಿದೆ.

ನಾಣ್ಯವಿಲ್ಲದ ಸರ್ಕಾರ ನಡೆಯುವುದು ಹೇಗೆ?

ಫೇರೋಗಳ ಈಜಿಪ್ಟಿನಲ್ಲಿ ಬಹುಪಾಲು ಕಾಲ ನಾಣ್ಯವೇ ಇರಲಿಲ್ಲ. ರೈತರು ಬೆಳೆಯ ಒಂದು ಪಾಲನ್ನು ತೆರಿಗೆಯಾಗಿ ಕೊಡುತ್ತಿದ್ದರು. ಅದು ಅರಮನೆಯ ಮತ್ತು ದೇವಾಲಯಗಳ ಕಣಜ ಸೇರುತ್ತಿತ್ತು. ಅಲ್ಲಿಂದ ಸೈನಿಕರು, ಕಲ್ಲುಕುಟಿಗರು, ಪೂಜಾರಿಗಳು, ಗುಮಾಸ್ತರಿಗೆ ಪಡಿಯಾಗಿ ಹೋಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಅಗಸರಿಗೆ ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಅಳೆದು ಕೊಡುತ್ತಿದ್ದರಲ್ಲ, ಆ ಪದ್ಧತಿಯನ್ನು ಇಡೀ ರಾಜ್ಯಕ್ಕೆ ಹಿಗ್ಗಿಸಿದರೆ ಈಜಿಪ್ಟಿನ ಆಡಳಿತ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ: ಅಲ್ಲಿ ಕಣದ ಪಕ್ಕದಲ್ಲಿ ಲೆಕ್ಕ ಬರೆಯುವ ಗುಮಾಸ್ತನೊಬ್ಬ ತಪ್ಪದೆ ಕುಳಿತಿರುತ್ತಿದ್ದ.

ಮುಖ್ಯ ಬೆಳೆಗಳು ಎರಡು. ಒಂದು ಬಾರ್ಲಿ. ಇನ್ನೊಂದು, ಉತ್ತರ ಕರ್ನಾಟಕದಲ್ಲಿ ಸದಕ, ಕಪ್ಲಿ ಎಂಬ ಹೆಸರುಗಳಿಂದ ಇಂದಿಗೂ ಬೆಳೆಯುವ, ಸಿಪ್ಪೆ ಬಿಡದ ಗೋಧಿಯ ಜಾತಿ. ಗೋಧಿಯಿಂದ ರೊಟ್ಟಿ, ಬಾರ್ಲಿಯಿಂದ ಬಿಯರ್. ಬಿಯರನ್ನು ಮಕ್ಕಳಾದಿಯಾಗಿ ಎಲ್ಲರೂ ದಿನನಿತ್ಯ ಕುಡಿಯುತ್ತಿದ್ದರು. ಅದು ಅಮಲಿಗಿಂತ ಹೆಚ್ಚಾಗಿ ಆಹಾರವೇ ಆಗಿತ್ತು. ಜೊತೆಗೆ ಈರುಳ್ಳಿ, ಬೇಳೆಕಾಳು, ನದಿಯ ಮೀನು. ಬೀಸುವಾಗ ಹಿಟ್ಟಿಗೆ ಸೇರುತ್ತಿದ್ದ ಮರಳಿನಿಂದ ಹಲ್ಲು ಸವೆಯುತ್ತಿತ್ತು. ಮಮ್ಮಿಗಳಲ್ಲಿ, ರಾಜರ ಮಮ್ಮಿಗಳಲ್ಲೂ, ಇದು ಕಾಣುತ್ತದೆ.

ಸಂತೆಯಲ್ಲಿ ಬೆಲೆ ಹೇಳಲು ‘ದೆಬೆನ್’ ಎಂಬ ತೂಕ ಇತ್ತು. ಒಂದು ದೆಬೆನ್ ಅಂದರೆ ಸುಮಾರು 91 ಗ್ರಾಂ ತಾಮ್ರ. ತಾಮ್ರ ಕೈ ಬದಲಾಗಲೇಬೇಕೆಂದಿರಲಿಲ್ಲ. ಬೆಲೆ ಹೊಂದಿಸಲು ಅದೊಂದು ಅಳತೆಗೋಲು, ಅಷ್ಟೆ. ಹೊಸ ರಾಜ್ಯದ ಕಾಲದಲ್ಲಿ ಒಂದು ಜೊತೆ ಚಪ್ಪಲಿಗೆ ಸುಮಾರು 2 ದೆಬೆನ್, ಒಂದು ‘ಖಾರ್’ ಅಂದರೆ 77 ಲೀಟರಿನಷ್ಟು ಕಾಳಿಗೂ ಸುಮಾರು 2 ದೆಬೆನ್, ಸಾಧಾರಣ ಶವಪೆಟ್ಟಿಗೆಗೆ 25ರ ಆಸುಪಾಸು.

ಪಿರಮಿಡ್ಡು ಕಟ್ಟಿದವರು ಗುಲಾಮರೇ?

ಗೀಝಾದ ದೊಡ್ಡ ಪಿರಮಿಡ್ಡು ಖುಫು ಎಂಬ ರಾಜನ ಗೋರಿ. ಕಟ್ಟಿದ್ದು ಸುಮಾರು ಕ್ರಿ.ಪೂ. 2560ರ ಹೊತ್ತಿಗೆ, ಮೂಲ ಎತ್ತರ 146 ಮೀಟರಿಗೂ ಹೆಚ್ಚು, ಬಳಸಿದ ಕಲ್ಲುಗಳು ಸುಮಾರು 23 ಲಕ್ಷ ಎಂಬುದು ಅಂದಾಜು. ಖುಫುವಿನ ಸುಮಾರು 27 ವರ್ಷದ ಆಳ್ವಿಕೆಗೆ ಇದನ್ನು ಹಂಚಿದರೆ, ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ 230 ಕಲ್ಲು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೇಳಿ ಬರೆದ ಲಕ್ಷ ಜನರ ಕಥೆ ಮತ್ತು ಸಿನಿಮಾದವರ ಚಾವಟಿ ಎರಡೂ ಸೇರಿ ಗುಲಾಮರ ಚಿತ್ರವೊಂದು ನಮ್ಮ ತಲೆಯಲ್ಲಿ ಬೇರೂರಿದೆ. ಅಗೆತದಲ್ಲಿ ಸಿಕ್ಕಿದ್ದು ಬೇರೆ. ಪಿರಮಿಡ್ಡುಗಳ ದಕ್ಷಿಣಕ್ಕೆ ಕಾರ್ಮಿಕರ ವಸತಿ, ಸಾಲು ಸಾಲು ರೊಟ್ಟಿ ಭಟ್ಟಿಗಳು, ದನ, ಕುರಿ, ಮೇಕೆಗಳ ಮೂಳೆಯ ರಾಶಿ ಸಿಕ್ಕಿದವು. 1990ರಲ್ಲಿ ಕಾರ್ಮಿಕರ ಗೋರಿಗಳೂ ಪತ್ತೆಯಾದವು. ಅಲ್ಲಿನ ಅಸ್ಥಿಪಂಜರಗಳಲ್ಲಿ ಭಾರ ಹೊತ್ತು ಸವೆದ ಬೆನ್ನೆಲುಬುಗಳಿವೆ. ಮುರಿದರೂ ಸರಿಯಾಗಿ ಕೂಡಿಸಿ ವಾಸಿ ಮಾಡಿದ ಕೈಮೂಳೆಗಳೂ ಇವೆ.

ಇವರಲ್ಲಿ ಕೆಲವರು ಕಾಯಂ ಕುಶಲಕರ್ಮಿಗಳು. ಉಳಿದವರು ಸರದಿಯಂತೆ ಹಳ್ಳಿಗಳಿಂದ ಬಂದವರು. ಸರದಿಯ ಈ ದುಡಿಮೆ ಸಹ ಒಂದು ಬಗೆಯ ತೆರಿಗೆ. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ, ಆದರೆ ಪಡಿ ಸಿಗುತ್ತಿತ್ತು.

2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರೆಂಚ್ ವಿದ್ವಾಂಸ ಪಿಯರ್ ಟಾಲೆ ಅವರ ತಂಡಕ್ಕೆ ಪಪೈರಸ್ ಚೂರುಗಳು ಸಿಕ್ಕವು. ಪಪೈರಸ್ ಅಂದರೆ ನೈಲ್ ದಂಡೆಯ ಜೊಂಡಿನಿಂದ ಮಾಡಿದ ಕಾಗದದಂಥ ಹಾಳೆ. ಬರಹವಿರುವ ಪಪೈರಸ್‌ಗಳಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯವು ಇವೇ. ಬರೆದವನು ಮೆರೆರ್, ಸುಮಾರು 40 ಜನರ ತಂಡದ ಮೇಸ್ತ್ರಿ. ತುರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ಹೇರಿ ನೈಲ್ ಮತ್ತು ಕಾಲುವೆಗಳ ಮೂಲಕ ಗೀಝಾಕ್ಕೆ ಸಾಗಿಸುವುದು ಅವನ ಕೆಲಸ. ಇಂದು ತುರಾದಲ್ಲಿ ಕಲ್ಲು ಹೇರಿದೆವು, ಇಂದು ದೋಣಿ ನಡೆಸಿದೆವು, ಇಂಥಲ್ಲಿ ರಾತ್ರಿ ಕಳೆದೆವು ಎಂದು ದಿನಚರಿ ಸಾಗುತ್ತದೆ. ಹತ್ತು ದಿನದಲ್ಲಿ ಎರಡು ಮೂರು ಸುತ್ತು. ಬಂದ ರೊಟ್ಟಿ, ಕಾಳು, ಬಿಯರಿನ ಲೆಕ್ಕವೂ ಅದೇ ಕಂತೆಯಲ್ಲಿತ್ತು. ಜಗದ್ವಿಖ್ಯಾತ ಅಚ್ಚರಿಯೊಂದನ್ನು ಕಟ್ಟುತ್ತಿದ್ದೇನೆಂಬ ಸುಳಿವೇ ಅವನ ಬರಹದಲ್ಲಿಲ್ಲ.

ದಡದಿಂದ ಕಲ್ಲನ್ನು ಎಳೆದದ್ದು ಮರದ ಜಾರುಬಂಡಿಗಳ ಮೇಲೆ. ಮಧ್ಯ ರಾಜ್ಯದ ಅಧಿಕಾರಿ ಜೆಹುತಿಹೊತೆಪ್‌ನ ಗೋರಿಯ ಚಿತ್ರದಲ್ಲಿ ಬೃಹತ್ ವಿಗ್ರಹವನ್ನು ಹೀಗೆ ಎಳೆಯುತ್ತಿದ್ದಾರೆ; ಬಂಡಿಯ ಮುಂದೆ ಒಬ್ಬ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಹದವಾಗಿ ಒದ್ದೆಯಾದ ಮರಳಿನ ಮೇಲೆ ಎಳೆಯಲು ಬೇಕಾಗುವ ಬಲ ತೀರ ಕಡಿಮೆ. ಮೇಲೇರಿಸಲು ಇಳಿಜಾರು ದಿಬ್ಬಗಳನ್ನು ಬಳಸಿದರು; ಆ ದಿಬ್ಬಗಳ ಆಕಾರ ಹೇಗಿತ್ತೆಂಬ ಬಗ್ಗೆ ವಾದ ಇನ್ನೂ ನಡೆದಿದೆ.

ಒಂದು ಊರು, ಸಾವಿರಾರು ಚೀಟಿ

ಸಾಮಾನ್ಯರ ಬದುಕು ಹತ್ತಿರದಿಂದ ಕಾಣುವ ಜಾಗವೊಂದಿದೆ. ಇಂದಿನ ಲಕ್ಸರ್ ನಗರದ ಎದುರು, ನೈಲ್‌ನ ಪಶ್ಚಿಮ ದಂಡೆಯ ಬೆಟ್ಟಗಳ ಮಡಿಲಿನ ದೇರ್ ಅಲ್-ಮದೀನಾ. ರಾಜರ ಕಣಿವೆಯಲ್ಲಿ ಗೋರಿ ಕೊರೆದು ಚಿತ್ರ ಬರೆಯುತ್ತಿದ್ದ ಕುಶಲಕರ್ಮಿಗಳು ತಮ್ಮ ಸಂಸಾರದೊಂದಿಗೆ ಇಲ್ಲಿ ಸುಮಾರು ನಾಲ್ಕು ಶತಮಾನ ಬದುಕಿದರು. ಊರು ನೀರಿನಿಂದ ದೂರ ಇದ್ದುದರಿಂದಲೇ ಉಳಿಯಿತು. ಸುತ್ತಲೂ ಗೋಡೆ, ಒಳಗೆ 70ರಷ್ಟು ಮನೆಗಳು, ನಡುವೆ ಇಕ್ಕಟ್ಟಾದ ಓಣಿ. ಒಂದರ ಹಿಂದೆ ಒಂದರಂತೆ ಕೋಣೆಗಳಿರುವ ಉದ್ದನೆಯ ಮನೆ. ನಡುಮನೆಯ ಚಾವಣಿ ಎತ್ತರ. ಬೆಳಕಿನ ಕಿಂಡಿಗಳು ಮೇಲ್ಗಡೆ. ಹಿಂಬದಿಯಲ್ಲಿ ಅಡುಗೆಯ ಒಲೆ, ಮಾಳಿಗೆಗೆ ಮೆಟ್ಟಿಲು, ಕೆಳಗೆ ಸಾಮಾನಿಡುವ ನೆಲಮಾಳಿಗೆ.

ನೀರು ಕತ್ತೆಗಳ ಬೆನ್ನ ಮೇಲೆ ಬರಬೇಕಿತ್ತು. ಬಾವಿ ತೋಡೋಣವೆಂದು ಸುಮಾರು 50 ಮೀಟರ್ ಆಳಕ್ಕೆ ಇಳಿದರು, ನೀರು ಸಿಗಲಿಲ್ಲ. ಆ ಗುಂಡಿ ಊರಿನ ತಿಪ್ಪೆಯಾಯಿತು. ಇತಿಹಾಸಕಾರರ ಪುಣ್ಯ. ಪಪೈರಸ್ ದುಬಾರಿ, ಹಾಗಾಗಿ ದಿನದ ಟಿಪ್ಪಣಿಗಳನ್ನೆಲ್ಲ ಸುಣ್ಣಕಲ್ಲಿನ ಚಕ್ಕೆ, ಒಡೆದ ಮಡಕೆಯ ಚೂರುಗಳ ಮೇಲೆ ಬರೆದು ಎಸೆಯುತ್ತಿದ್ದರು. ಸಾಲದ ಚೀಟಿ, ಅಗಸನಿಗೆ ಹಾಕಿದ ಬಟ್ಟೆಯ ಪಟ್ಟಿ, ಜಗಳದ ದೂರು, ಪ್ರೇಮಗೀತೆ ಎಲ್ಲ ಅಲ್ಲಿವೆ. ಫ್ರೆಂಚ್ ಪುರಾತತ್ವಜ್ಞ ಬರ್ನಾರ್ ಬ್ರುಯೆರ್ 1922ರಿಂದ ದಶಕಗಳ ಕಾಲ ಈ ಊರನ್ನು ಅಗೆದರು. ಆ ಗುಂಡಿಯಲ್ಲೇ ಸಾವಿರಾರು ಚೂರುಗಳು ದೊರೆತವು.

ಒಂದು ಚಕ್ಕೆಯನ್ನು ನೋಡೋಣ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಇದು ಎರಡನೆಯ ರಾಮ್ಸೆಸ್‌ನ ಆಳ್ವಿಕೆಯ 40ನೆಯ ವರ್ಷದ, ಅಂದರೆ ಸುಮಾರು ಕ್ರಿ.ಪೂ. 1240ರ ಹಾಜರಿ ಪುಸ್ತಕ. ಸುಮಾರು 40 ಕೆಲಸಗಾರರ ಹೆಸರು, ಅವರು ಗೈರಾದ ದಿನಗಳು ಕಪ್ಪು ಮಸಿಯಲ್ಲಿ. ಕಾರಣ ಕೆಂಪು ಮಸಿಯಲ್ಲಿ. ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬನಿಗೆ ಕಣ್ಣುಬೇನೆ. ಒಬ್ಬನ ತಾಯಿಗೆ ಹುಷಾರಿಲ್ಲ. ಇನ್ನೊಬ್ಬ ಬಿಯರ್ ತಯಾರಿಸುತ್ತಿದ್ದಾನೆ. ಮನೆಯ ಹೆಣ್ಣುಮಗಳು ಮುಟ್ಟಾಗಿದ್ದಾಳೆಂಬುದೂ ರಜೆಗೆ ಕಾರಣವಾಗಿ ದಾಖಲಾಗಿದೆ.

ಇವರ ವಾರ ಹತ್ತು ದಿನದ್ದು. ಎಂಟು ದಿನ ಕೆಲಸ, ಎರಡು ದಿನ ಬಿಡುವು. ಕೆಲಸಗಾರನೊಬ್ಬನ ತಿಂಗಳ ಪಡಿ 4 ಖಾರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಒಟ್ಟು 420 ಲೀಟರಿನಷ್ಟು. ಮನೆಮಂದಿ ಉಂಡು ಮಿಕ್ಕಿದ್ದನ್ನು ಮಾರಿಕೊಳ್ಳಬಹುದಿತ್ತು. ಮೇಸ್ತ್ರಿಗೆ ಇನ್ನಷ್ಟು ಹೆಚ್ಚು. ಈಜಿಪ್ಟಿನ ಸಾಮಾನ್ಯ ರೈತನಿಗಿಂತ ಇವರ ಸ್ಥಿತಿ ಮೇಲು ಎಂಬುದನ್ನು ಮರೆಯಬಾರದು. ಓದು ಬರಹ ಬಲ್ಲವರ ಪ್ರಮಾಣವೂ ಇಲ್ಲಿ ಹೆಚ್ಚಿತ್ತು.

ಪಡಿ ತಪ್ಪಿದಾಗ ಏನಾಗುತ್ತಿತ್ತು? ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ, ಸುಮಾರು ಕ್ರಿ.ಪೂ. 1157ರಲ್ಲಿ, ಕಾಳು ಬರುವುದು ತಡವಾಯಿತು. ಕೆಲಸಗಾರರು ಉಪಕರಣ ಕೆಳಗಿಟ್ಟು, ಕಾವಲುಗೋಡೆಗಳನ್ನು ದಾಟಿ ಹೋಗಿ ಹಿಂದಿನ ರಾಜ ಮೂರನೆಯ ಥುಟ್ಮೋಸ್‌ನ ದೇವಾಲಯದ ಹಿಂಭಾಗದಲ್ಲಿ ಕುಳಿತರು. ನಮಗೆ ಹಸಿವಾಗಿದೆ, ತಿಂಗಳಲ್ಲಿ 18 ದಿನ ಕಳೆದಿವೆ ಎಂದರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಫೇರೋಗೂ ಮಂತ್ರಿಗೂ ಬರೆದು ತಿಳಿಸಿ ಎಂದು ಪಟ್ಟು ಹಿಡಿದರು. ಇಟಲಿಯ ಟ್ಯೂರಿನ್‌ನಲ್ಲಿರುವ ಪಪೈರಸ್ ಇದನ್ನು ದಿನದಿನವಾಗಿ ದಾಖಲಿಸಿದೆ. ಲಿಖಿತ ದಾಖಲೆಯಿರುವ ಅತಿ ಹಳೆಯ ಮುಷ್ಕರ ಇದೇ. ಹಿಂದಿನ ತಿಂಗಳ ಬಾಕಿ ಪಡಿ ಕೈಗೆ ಬಂತು; ಆದರೆ ತೊಂದರೆ ಮರುಕಳಿಸುತ್ತಲೇ ಇತ್ತು.

ಇದೇ ಊರಿನ ನೌನಖ್ತೆ ಎಂಬ ಮುದುಕಿಯ ಉಯಿಲೂ ಉಳಿದಿದೆ, ಸುಮಾರು ಕ್ರಿ.ಪೂ. 1145ರದು. ಎಂಟು ಮಕ್ಕಳನ್ನು ಸಾಕಿದೆ, ಮದುವೆ ಕಾಲಕ್ಕೆ ಮನೆಗೆ ಬೇಕಾದುದನ್ನೆಲ್ಲ ಕೊಟ್ಟೆ, ಈಗ ಮುದುಕಿಯಾಗಿದ್ದೇನೆ, ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ನೋಡಿಕೊಂಡ ಮಕ್ಕಳಿಗೆ ಮಾತ್ರ ನನ್ನ ಆಸ್ತಿ ಎಂದು ಆಕೆ ಪಂಚಾಯಿತಿಯ ಎದುರು ಹೇಳಿಸಿ ಬರೆಸಿದ್ದಾಳೆ. ಚೆನ್ನಾಗಿ ನೋಡಿಕೊಂಡ ಒಬ್ಬ ಮಗನಿಗೆ ಹೆಚ್ಚುವರಿಯಾಗಿ ಒಂದು ಕಂಚಿನ ಬೋಗುಣಿ. ಹೆಂಗಸರು ಸ್ವಂತ ಆಸ್ತಿ ಹೊಂದಬಹುದಿತ್ತು, ಅದನ್ನು ತಮಗಿಷ್ಟ ಬಂದವರಿಗೆ ಕೊಡಬಹುದಿತ್ತು, ನ್ಯಾಯಸ್ಥಾನದ ಮುಂದೆ ತಾವೇ ನಿಲ್ಲಬಹುದಿತ್ತು ಎಂಬುದಕ್ಕೆ ಇದೊಂದೇ ಹಾಳೆ ಸಾಕು. ವಿಚ್ಛೇದನವನ್ನೂ ಪಡೆಯಬಹುದಿತ್ತು.

ಚಿತ್ರಲಿಪಿ ಓದುವುದು ಹೇಗೆ?

ಹೈರೊಗ್ಲಿಫ್ ನೋಡಲು ಚಿತ್ರಗಳ ಸಾಲು. ಆದರೆ ಹೆಚ್ಚಿನ ಚಿಹ್ನೆಗಳು ಧ್ವನಿಯನ್ನು ಹೇಳುತ್ತವೆ. ಮನೆಯ ನಕ್ಷೆಯಂಥ ಚಿಹ್ನೆಗೆ ‘ಪ್-ರ್’ ಎಂಬ ಉಚ್ಚಾರ. ಅದರ ಜೊತೆ ಒಂದು ಚಿಕ್ಕ ಗೆರೆಯಿದ್ದರೆ ಅರ್ಥ ಮನೆ. ಅದೇ ಚಿಹ್ನೆಯ ಮುಂದೆ ನಡೆಯುವ ಎರಡು ಕಾಲುಗಳನ್ನು ಬರೆದರೆ ‘ಹೊರಹೋಗು’. ಕಾಲುಗಳಿಗೆ ಉಚ್ಚಾರವಿಲ್ಲ, ಇದು ಚಲನೆಯ ಮಾತು ಎಂದು ಓದುಗನಿಗೆ ಸೂಚಿಸುವುದಷ್ಟೇ ಅವುಗಳ ಕೆಲಸ. ಸ್ವರಗಳನ್ನು ಬರೆಯುತ್ತಿರಲಿಲ್ಲವಾದ್ದರಿಂದ ಮೂಲ ಉಚ್ಚಾರ ನಮಗೆ ಪೂರ್ತಿ ಸಿಗುವುದಿಲ್ಲ. ಕಲ್ಲಿನ ಮೇಲೆ ಈ ಲಿಪಿ. ಲೆಕ್ಕಪತ್ರಕ್ಕೆ ಇದರದೇ ಓಟದ ಬರಹ. 1799ರಲ್ಲಿ ಸಿಕ್ಕ ರೊಸೆಟ್ಟಾ ಶಿಲೆಯಲ್ಲಿ ಒಂದೇ ಶಾಸನ ಮೂರು ಲಿಪಿಗಳಲ್ಲಿತ್ತು, ಅದರಲ್ಲೊಂದು ಗ್ರೀಕ್. ಅದರ ನೆರವಿನಿಂದ 1822ರಲ್ಲಿ ಫ್ರಾನ್ಸಿನ ಷಾಂಪೋಲಿಯನ್ ಗುಟ್ಟು ಬಿಡಿಸಿದರು.

ಸತ್ತವರಿಗೂ ಪಡಿ

ದೇಹ ಉಳಿಯದಿದ್ದರೆ ಸತ್ತವನ ಚೇತನಕ್ಕೆ ನೆಲೆಯಿಲ್ಲ ಎಂಬುದು ಅವರ ನಂಬಿಕೆ. ಮಮ್ಮಿ ಮಾಡಿದ್ದು ಅದಕ್ಕಾಗಿ. ಒಳಾಂಗಗಳನ್ನು ತೆಗೆದು, ಮಿದುಳನ್ನು ಮೂಗಿನ ಮೂಲಕ ಹೊರತೆಗೆದು, ನೇಟ್ರಾನ್ ಎಂಬ ನೈಸರ್ಗಿಕ ಉಪ್ಪಿನಲ್ಲಿ ದೇಹವನ್ನು ಸುಮಾರು 40 ದಿನ ಒಣಗಿಸಿ, ನಾರುಬಟ್ಟೆಯಲ್ಲಿ ಸುತ್ತುತ್ತಿದ್ದರು. ಒಟ್ಟು ಕ್ರಿಯೆ 70 ದಿನದ್ದು. ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು. ಬುದ್ಧಿ, ನೆನಪುಗಳು ಅಲ್ಲಿರುತ್ತವೆಂದು ಭಾವಿಸಿದ್ದರು. ಪರಲೋಕದಲ್ಲಿ ಆ ಹೃದಯವನ್ನು ಸತ್ಯ ಮತ್ತು ಸುವ್ಯವಸ್ಥೆಯ ದೇವತೆ ಮಾತ್‌ಳ ಗರಿಯ ಎದುರು ತೂಗಲಾಗುತ್ತದೆ. ಪಾಪದಿಂದ ಭಾರವಾಗಿದ್ದರೆ ಮೊಸಳೆ ಮುಖದ ರಾಕ್ಷಸಿ ನುಂಗುತ್ತಾಳೆ.

ಗೆದ್ದವರಿಗೆ ಸಿಗುವ ಸ್ವರ್ಗ ಎಂಥದು? ಫಸಲು ಆಳೆತ್ತರ ಬೆಳೆಯುವ ಹೊಲ. ಅಲ್ಲೂ ಉಳಬೇಕು, ಕೊಯ್ಯಬೇಕು. ಬಿಟ್ಟಿ ದುಡಿಮೆಗೆ ಕರೆ ಬರುತ್ತದೆ. ಉಪಾಯವೂ ಇತ್ತು. ಕರೆ ಬಂದಾಗ ನಮ್ಮ ಬದಲು ‘ಇಗೋ ಬಂದೆ’ ಎನ್ನಲು ಉಶಬ್ತಿ ಎಂಬ ಪುಟ್ಟ ಬೊಂಬೆಗಳನ್ನು ಗೋರಿಯಲ್ಲಿಡುತ್ತಿದ್ದರು. ತೂತನ್‌ಖಾಮನ್‌ನಿಗೆ 413 ಬೊಂಬೆಗಳು: ದಿನಕ್ಕೊಬ್ಬನಂತೆ 365 ಆಳುಗಳು, ಅವರ ಮೇಲೆ 36 ಮೇಸ್ತ್ರಿಗಳು, ತಿಂಗಳಿಗೊಬ್ಬನಂತೆ ಇನ್ನೂ 12 ಮೇಲ್ವಿಚಾರಕರು. ಗೋರಿಯ ಗೋಡೆಗಳ ಮೇಲೆ ಮತ್ತೆ ಮತ್ತೆ ಬರುವ ಪ್ರಾರ್ಥನೆ ಸಹ ಪಡಿಚೀಟಿಯಂತೆಯೇ ಇದೆ: ಸತ್ತವನಿಗೆ ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ.

ಕಣಜ ಬರಿದಾದಾಗ

ಹೊಸ ರಾಜ್ಯದ ಕೊನೆಗೆ ಕಾಳಿನ ಬೆಲೆ ಏರಿತು, ಪಡಿ ತಪ್ಪತೊಡಗಿತು, ಗೋರಿ ಕಳ್ಳತನ ಹೆಚ್ಚಿತು. ಒಂಬತ್ತನೆಯ ರಾಮ್ಸೆಸ್‌ನ 16ನೆಯ ವರ್ಷದ ವಿಚಾರಣೆಯ ಕಡತದಲ್ಲಿ ಅಮುನ್‌ಪನೂಫೆರ್ ಎಂಬ ಕಲ್ಲುಕುಟಿಗನ ತಪ್ಪೊಪ್ಪಿಗೆ ಇದೆ. ಎಂಟು ಮಂದಿ ಸೇರಿ ರಾಜ ಸೋಬೆಕೆಮ್ಸಾಫ್‌ನ ಗೋರಿಗೆ ಕನ್ನ ಕೊರೆದು, ಮಮ್ಮಿಯ ಮೇಲಿನ ಚಿನ್ನ ಕಿತ್ತು, ಪೆಟ್ಟಿಗೆಗಳಿಗೆ ಬೆಂಕಿಯಿಟ್ಟರು. ಸಿಕ್ಕಿದ್ದು 160 ದೆಬೆನ್, ಅಂದರೆ 14 ಕಿಲೋಗೂ ಹೆಚ್ಚು ಚಿನ್ನ. ಸಿಕ್ಕಿಬಿದ್ದಾಗ ಅವನು ತನ್ನ ಪಾಲನ್ನು ಗುಮಾಸ್ತನೊಬ್ಬನಿಗೆ ಲಂಚ ಕೊಟ್ಟು ಬಿಡಿಸಿಕೊಂಡ; ಗೆಳೆಯರು ಅವನಿಗೆ ಮತ್ತೆ ಪಾಲು ಹಾಕಿಕೊಟ್ಟರು; ಕಳ್ಳತನ ಮುಂದುವರಿಯಿತು.

ತೂತನ್‌ಖಾಮನ್‌ನ ಗೋರಿ ಹೆಚ್ಚುಕಡಿಮೆ ಉಳಿದದ್ದು ಅದರ ಬಾಗಿಲ ಮೇಲೆ ಮುಂದೆ ಕೆಲಸಗಾರರ ಗುಡಿಸಲುಗಳು ಎದ್ದುದರಿಂದ. ಮಿಕ್ಕ ಅನೇಕ ರಾಜರ ದೇಹಗಳನ್ನು ಪೂಜಾರಿಗಳು ಒಂದೆಡೆ ಬಚ್ಚಿಟ್ಟರು. ಅವು ಬೆಳಕಿಗೆ ಬಂದದ್ದು 1881ರಲ್ಲಿ. ಅವುಗಳಲ್ಲಿದ್ದ ಎರಡನೆಯ ರಾಮ್ಸೆಸ್‌ನ ಮೂಗಿನೊಳಗೆ ಕಾಳುಮೆಣಸು ಸಿಕ್ಕಿತು. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ.

ಆಮೇಲೆ ಪರ್ಷಿಯನ್ನರು, ಅಲೆಕ್ಸಾಂಡರ್, ರೋಮನ್ನರು ಬಂದರು. ನೈಲ್ ಕಣಿವೆಯ ಗೋಧಿ ರೋಮ್ ನಗರದ ಹೊಟ್ಟೆ ತುಂಬಿಸಿತು. ಕೆಂಪು ಸಮುದ್ರದ ಬಂದರುಗಳಿಂದ ಹಡಗುಗಳು ಭಾರತದ ಪಶ್ಚಿಮ ಕರಾವಳಿಗೆ ಓಡಾಡಿದವು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಆ ಕಾಲದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯವರು ಆಡುವ ಮಾತುಗಳಿವೆ. ಅವು ಕನ್ನಡದವು ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ವಾದಿಸಿದರು. ತುಳು ಎನ್ನುವವರಿದ್ದಾರೆ, ಎರಡನ್ನೂ ಒಪ್ಪದವರೂ ಇದ್ದಾರೆ.

ಕಾಲ ತಿಳಿದಿರುವ ಕೊನೆಯ ಹೈರೊಗ್ಲಿಫ್ ಶಾಸನ ಕ್ರಿ.ಶ. 394ರದು, ಫಿಲೆ ದ್ವೀಪದ ದೇವಾಲಯದ್ದು. ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಮಾತ್ರ ಈಜಿಪ್ಟಿನ ಕ್ರೈಸ್ತರ ಪೂಜಾವಿಧಿಯಲ್ಲಿ ಉಳಿದಿದೆ. ಅವರ ಪಂಚಾಂಗದಲ್ಲಿ ಈಗಲೂ ತಿಂಗಳಿಗೆ 30 ದಿನ, ವರ್ಷದ ಕೊನೆಗೆ ಐದಾರು ದಿನದ ಪುಟ್ಟ ತಿಂಗಳು. ಯಾವುದನ್ನು ಯಾವಾಗ ಬಿತ್ತಬೇಕೆಂದು ಹೇಳುವಾಗ ನೈಲ್ ದಂಡೆಯ ರೈತರು, ಮುಸ್ಲಿಮರೂ ಸೇರಿದಂತೆ, ಇಂದಿಗೂ ಆ ತಿಂಗಳುಗಳ ಹೆಸರನ್ನೇ ಹಿಡಿಯುತ್ತಾರೆ.